ಕಣ್ಣು–ಕನ್ನಡಕ: ಗಾಳ ಹಾಕುವವರಿಗೆ ಯಾವ ಕಪ್ಪು ಕನ್ನಡಕ?

ಬೇಸಿಗೆಯ ಬಿಸಿಲು ಕಣ್ಣಿಗೆ ಏನು ಮಾಡುತ್ತದೆ ಎಂದು ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಮೀನು ಹಿಡಿಯುವವರ ಪತ್ರಗಳೇ ಹೆಚ್ಚು. ಬಹುತೇಕ ಎಲ್ಲರೂ ಪೋಲರೈಸ್ಡ್ ಕನ್ನಡಕದ, ಅಂದರೆ ನೀರಿನ ಮೇಲಿನ ಹೊಳಪನ್ನು ಅಡಗಿಸುವ ಕನ್ನಡಕದ, ಬಗ್ಗೆ ಕೇಳಿದ್ದಾರೆ. ನಾನು ಕುಂದಾಪುರದಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವವಳು. ಗಂಗೊಳ್ಳಿ ಬಂದರಿನಿಂದ ಕಡಲಿಗೆ ಹೋಗುವವರು, ಪಂಚಗಂಗಾವಳಿಯ ಹಿನ್ನೀರಿನಲ್ಲಿ ಬೀಸುಬಲೆ ಹಾಕುವವರು, ಭಾನುವಾರ ಬಂತೆಂದರೆ ಗಾಳ ಹಿಡಿದು ಸೇತುವೆಯ ಬುಡಕ್ಕೆ ಹೋಗುವವರು ಎಲ್ಲರೂ ನನ್ನ ಅಂಗಡಿಗೆ ಬರುತ್ತಾರೆ. ನಾನೂ ಗಾಳ ಹಾಕುವವಳೇ. ಆದ್ದರಿಂದ ಈ ಸಂಚಿಕೆಯನ್ನು ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ತುಂಗಾ ನದಿಯಲ್ಲಿ ಗಾಳ ಹಾಕುವುದು ನನ್ನ ಹವ್ಯಾಸ. ಒಂದು ಅಂಗಡಿಯಲ್ಲಿ 600 ರೂಪಾಯಿಯ ಕನ್ನಡಕ ತೋರಿಸಿದರು, ಇನ್ನೊಂದರಲ್ಲಿ 7,000 ರೂಪಾಯಿಯದು. ಎರಡರ ಮೇಲೂ ಪೋಲರೈಸ್ಡ್ ಎಂಬ ಚೀಟಿ ಇದೆ. ಇದನ್ನು ಹಾಕಿದರೆ ನೀರಿನೊಳಗಿನ ಮೀನು ನಿಜವಾಗಿಯೂ ಕಾಣುತ್ತದೆಯೇ? ದುಬಾರಿಯದನ್ನೇ ಕೊಳ್ಳಬೇಕೇ?
— ತೀರ್ಥಹಳ್ಳಿಯ ಓದುಗರು

ಉತ್ತರ: ಕಾಣುತ್ತದೆ. ಆದರೆ ನೀರು ತಿಳಿಯಾಗಿರಬೇಕು, ನೀವು ನೋಡುವ ಓರೆಯೂ ಸರಿಯಾಗಿರಬೇಕು. ಆಷಾಢದಲ್ಲಿ ಕೆಂಪಾಗಿ ಹರಿಯುವ ತುಂಗೆಯೊಳಗೆ ಯಾವ ಕನ್ನಡಕದಿಂದಲೂ ಏನೂ ಕಾಣುವುದಿಲ್ಲ. ಆಗ ಅದು ಕಣ್ಣಿಗೆ ತಂಪು ಕೊಡುತ್ತದೆ, ಅಷ್ಟೇ.

ಬೆಲೆಯ ಮಾತಿಗೆ ಮೊದಲು ಕನ್ನಡಕ ಕೆಲಸ ಮಾಡುವ ಬಗೆ ತಿಳಿದಿರಲಿ. ಬಿಸಿಲಿನ ಬೆಳಕು ಎಲ್ಲ ದಿಕ್ಕುಗಳಲ್ಲೂ ಕಂಪಿಸುತ್ತಾ ಬರುತ್ತದೆ. ನೀರಿನ ಮೇಲ್ಮೈಗೆ ಓರೆಯಾಗಿ ಬಡಿದು ಹಿಂದಿರುಗುವಾಗ ಅದರಲ್ಲಿ ಅಡ್ಡಡ್ಡವಾಗಿ ಕಂಪಿಸುವ ಪಾಲೇ ಹೆಚ್ಚಾಗಿರುತ್ತದೆ. ಕಣ್ಣು ಕುಕ್ಕುವ ಹೊಳಪು ಅದೇ. ಪೋಲರೈಸ್ಡ್ ಲೆನ್ಸಿನೊಳಗೆ ಒಂದು ತೆಳುವಾದ ಪೊರೆ ಇರುತ್ತದೆ. ಕಿಟಕಿಯ ಸರಳುಗಳ ನಡುವೆ ಕೋಲನ್ನು ನೆಟ್ಟಗೆ ಹಿಡಿದರೆ ತೂರುತ್ತದೆ, ಅಡ್ಡ ಹಿಡಿದರೆ ತಡೆಯುತ್ತದೆಯಲ್ಲ, ಆ ಪೊರೆ ಅಡ್ಡ ಕಂಪನವನ್ನು ಹಾಗೆ ತಡೆಯುತ್ತದೆ. ಹೊಳಪು ಅಡಗಿದ ಮೇಲೆ ನೀರಿನೊಳಗಿನ ಕಲ್ಲು, ಮರಳು, ಮೀನುಗಳಿಂದ ಬರುವ ಬೆಳಕಿಗೆ ದಾರಿಯಾಗುತ್ತದೆ.

ಹೊಳಪು ಸಂಪೂರ್ಣವಾಗಿ ಅಡಗುವುದು ಒಂದೇ ಒಂದು ಕೋನದಲ್ಲಿ. 1815ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಅದರ ನಿಯಮವನ್ನು ಕಂಡುಕೊಂಡರು. ನೀರಿಗೆ ಅದು ಲಂಬದಿಂದ ಸುಮಾರು 53 ಡಿಗ್ರಿ. ಗಾಳದ ಲೆಕ್ಕದಲ್ಲಿ ಹೇಳುತ್ತೇನೆ: ನೀರಿನ ಮಟ್ಟದಿಂದ ನಿಮ್ಮ ಕಣ್ಣು ಎಷ್ಟು ಎತ್ತರದಲ್ಲಿದೆಯೋ ಅಷ್ಟು, ಅದರ ಮೇಲೆ ಇನ್ನೊಂದು ಮೂರನೇ ಒಂದು ಪಾಲು, ಅಷ್ಟು ದೂರದ ನೀರಿನಲ್ಲಿ ಕನ್ನಡಕ ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ. ಕಣ್ಣು 6 ಅಡಿ ಎತ್ತರದಲ್ಲಿದ್ದರೆ 8 ಅಡಿ ದೂರ. ಬಂಡೆ ಹತ್ತಿ ನಿಂತು ಕಣ್ಣು 12 ಅಡಿಗೆ ಏರಿದರೆ 16 ಅಡಿ ದೂರ. ಅದರ ಆಚೀಚೆಗೂ ಸಾಕಷ್ಟು ಲಾಭವಿದೆ, ಆದರೆ ದೂರ ಹೋದಂತೆಲ್ಲ ಕಡಿಮೆಯಾಗುತ್ತದೆ. ದಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನದಿಯ ನಡುವನ್ನು ನೋಡುವವರು 'ಏನೂ ಕಾಣುವುದಿಲ್ಲ' ಎನ್ನುತ್ತಾರೆ. ಅವರು ಎದ್ದು ನಿಂತರೆ ಸಾಕು, ಇನ್ನಷ್ಟು ನೀರು ತೆರೆದುಕೊಳ್ಳುತ್ತದೆ. ತಲೆಯನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ವಾಲಿಸಿ ನೋಡಿ. ಅಲೆಗಳಿಂದ ನೀರಿನ ಮೈ ವಾಲಿರುವ ಕಡೆಗಳಲ್ಲಿ ಹೊಳಪು ಬೇರೊಂದು ಓರೆಯಲ್ಲಿ ಅಳಿಯುತ್ತದೆ.

ಇಲ್ಲಿ ಸರ್ ಸಿ.ವಿ. ರಾಮನ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುವಾಗ ಅವರ ಕೈಯಲ್ಲಿ ನಿಕೋಲ್ ಪ್ರಿಸಂ ಎಂಬ ಪುಟ್ಟ ಹರಳು ಇತ್ತು. ಪೋಲರೈಸ್ಡ್ ಲೆನ್ಸ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಕಡಲು ನೀಲಿಯಾಗಿ ಕಾಣುವುದು ಆಕಾಶದ ಪ್ರತಿಫಲನದಿಂದ ಮಾತ್ರ ಎಂದು ಅಲ್ಲಿಯವರೆಗೆ ಲಾರ್ಡ್ ರ‍್ಯಾಲೆ ಅವರಂಥ ದೊಡ್ಡ ವಿಜ್ಞಾನಿಗಳು ನಂಬಿದ್ದರು. ರಾಮನ್ ಆ ಹರಳನ್ನು ಕಣ್ಣಿಗೆ ಹಿಡಿದು, ನಾನು ಮೇಲೆ ಹೇಳಿದ ಓರೆಯಲ್ಲೇ ಸಮುದ್ರವನ್ನು ನೋಡಿ, ಪ್ರತಿಫಲನವನ್ನು ಅಳಿಸಿಬಿಟ್ಟರು. ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ಆ ಯೋಚನೆಯ ಜಾಡು ಮುಂದೆ 1930ರ ನೊಬೆಲ್‌ವರೆಗೆ ಅವರನ್ನು ಕರೆದೊಯ್ದಿತು. 1933ರಿಂದ ಅವರು ಬೆಂಗಳೂರಿನವರೇ ಆದರು. ದೋಣಿಯಲ್ಲಿ ಈ ಕನ್ನಡಕ ಹಾಕಿ ಕಡಲು ನೋಡುವ ಹುಡುಗರಿಗೆಲ್ಲ ನಾನು ಈ ಕಥೆ ಹೇಳುತ್ತೇನೆ. ಅವರ ಮುಖ ಅರಳುವುದನ್ನು ನೋಡುವುದು ನನಗೆ ಬಹಳ ಇಷ್ಟ.

ಇನ್ನು ಬೆಲೆ. 600 ರೂಪಾಯಿಯ ಕನ್ನಡಕವೂ ನಿಜವಾಗಿ ಪೋಲರೈಸ್ಡ್ ಆಗಿರಬಹುದು, 7,000ದ್ದೂ ನಿಮಗೆ ಒಗ್ಗದಿರಬಹುದು. ಚೀಟಿ ನೋಡಬೇಡಿ, ಪರೀಕ್ಷೆ ಮಾಡಿ. ಅಂಗಡಿಯಲ್ಲೇ ಇನ್ನೊಂದು ಪೋಲರೈಸ್ಡ್ ಕನ್ನಡಕ ಕೇಳಿ ಪಡೆಯಿರಿ. ಒಂದರ ಲೆನ್ಸಿನ ಮುಂದೆ ಇನ್ನೊಂದರ ಲೆನ್ಸನ್ನು ಹಿಡಿದು ನಿಧಾನವಾಗಿ ತಿರುಗಿಸಿ. ಕಾಲು ಸುತ್ತು ತಿರುಗುವಷ್ಟರಲ್ಲಿ ಎರಡೂ ಸೇರಿ ಕಪ್ಪಾಗಬೇಕು, ಆ ಕಪ್ಪು ಲೆನ್ಸಿನ ತುಂಬ ಒಂದೇ ಸಮ ಇರಬೇಕು. ಆಮೇಲೆ ಕನ್ನಡಕ ಹಾಕಿಕೊಂಡು ನುಣುಪಾದ ನೆಲದ ಮೇಲೋ ಹೊರಗೆ ನಿಂತ ಕಾರಿನ ಮೇಲೋ ಬಿದ್ದ ಹೊಳಪನ್ನು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಒಂದು ಕಣ್ಣಿಗೆ ಹೊಳಪು ಅಳಿದು ಇನ್ನೊಂದಕ್ಕೆ ಉಳಿದರೆ ಪೊರೆಯನ್ನು ವಾರೆಯಾಗಿ ಕೂರಿಸಿದ್ದಾರೆ ಎಂದರ್ಥ. ಅಂಥದ್ದನ್ನು ಹಾಕಿ ಅರ್ಧ ದಿನ ನೀರು ನೋಡಿದರೆ ತಲೆನೋವು ಖಚಿತ. ಮೂರನೆಯದಾಗಿ, ಕನ್ನಡಕವನ್ನು ಕೈಚಾಚಿದಷ್ಟು ದೂರ ಹಿಡಿದು ಲೆನ್ಸಿನ ಮೂಲಕ ಬಾಗಿಲ ಚೌಕಟ್ಟನ್ನು ನೋಡುತ್ತಾ ಮೆಲ್ಲನೆ ಆಡಿಸಿ. ಪವರ್ ಇಲ್ಲದ ಲೆನ್ಸಿನಲ್ಲಿ ನೇರವಾದ ಗೆರೆ ಡೊಂಕಾದರೆ ಅಲ್ಲೇ ಬಿಟ್ಟು ಬನ್ನಿ.

ಕೊನೆಗೆ, ಇದು ಎಲ್ಲಕ್ಕಿಂತ ಮುಖ್ಯ: ಪೋಲರೈಸ್ಡ್ ಎಂದ ಮಾತ್ರಕ್ಕೆ ಅತಿನೇರಳೆ ಕಿರಣದಿಂದ ರಕ್ಷಣೆ ಸಿಕ್ಕಿತು ಎಂದಲ್ಲ. ಅದು ಬೇರೆ ಗುಣ. 'ಯುವಿ 400' ಎಂದರೆ 400 ನ್ಯಾನೋಮೀಟರ್‌ವರೆಗಿನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ ಎಂದು. ಅನೇಕ ಕನ್ನಡಕದ ಅಂಗಡಿಗಳಲ್ಲಿ ಇದನ್ನು ಅಳೆಯುವ ಪುಟ್ಟ ಯಂತ್ರ ಇರುತ್ತದೆ, ಸಂಕೋಚವಿಲ್ಲದೆ ಕೇಳಿ. ಗಾಜು ಕಪ್ಪಗಿದ್ದು ಈ ರಕ್ಷಣೆ ಇಲ್ಲದಿದ್ದರೆ ಬರಿಗಣ್ಣಿಗಿಂತಲೂ ಕೆಟ್ಟದ್ದು. ಕತ್ತಲೆಗೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಕಾಣದ ಕಿರಣ ಇನ್ನಷ್ಟು ಒಳಕ್ಕೆ ನುಗ್ಗುತ್ತದೆ.

ಈ ನಾಲ್ಕರಲ್ಲೂ ಗೆದ್ದರೆ 600ರದ್ದನ್ನು ಧೈರ್ಯವಾಗಿ ಕೊಳ್ಳಿ. ಅಗ್ಗದವು ಹೆಚ್ಚಾಗಿ ತೆಳು ಪ್ಲಾಸ್ಟಿಕ್ ಪದರಗಳನ್ನು ಅಂಟಿಸಿ ಮಾಡಿದವು. ಬೇಗ ಗೀಚಿಕೊಳ್ಳುತ್ತವೆ, ಬಿಸಿಗೆ ಪದರ ಬಿಡುತ್ತವೆ. ಹೆಚ್ಚು ಹಣ ಕೊಟ್ಟಾಗ ಸಿಗುವುದು ಗೀಚು ತಡೆಯುವ ಲೇಪ, ಒಳ್ಳೆಯ ಅಂಟು, ಗಟ್ಟಿ ತಿರುಗಣೆ, ಸ್ಪಷ್ಟ ನೋಟ. ಒಂದು ಮಟ್ಟದ ಮೇಲೆ ಕೊಡುವ ಹಣ ಹೆಸರಿಗೆ ಹೋಗುತ್ತದೆ. ಕಣ್ಣಿನ ಮುಂದೆ ಕೊಕ್ಕೆ ಹಾರಾಡುವ ಕೆಲಸವಾದ್ದರಿಂದ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಲೆನ್ಸ್ ಆರಿಸಿ ಎಂಬುದು ನನ್ನ ಸಲಹೆ. ಗಾಜಿನ ಲೆನ್ಸಿನ ನೋಟ ಅದಕ್ಕಿಂತ ಚೆನ್ನ, ಗೀಚುವುದೂ ಕಡಿಮೆ. ಆದರೆ ಭಾರ, ಸೀಸದ ಗುಂಡು ಬಡಿದರೆ ಒಡೆಯುವ ಭಯ ಬೇರೆ.

ನಿಮ್ಮದು ತೀರ್ಥಹಳ್ಳಿ. ಅದೇ ತುಂಗೆಯ ಮೇಲ್ಗಡೆ ಶೃಂಗೇರಿಯ ಮೆಟ್ಟಿಲುಗಳಿವೆ. ಅಲ್ಲಿ ದೇವರ ಮೀನುಗಳಿಗೆ ಯಾರೂ ಗಾಳ ಹಾಕುವಂತಿಲ್ಲ, ಹಾಕಲೂಬಾರದು. ಆದರೆ ಕನ್ನಡಕ ಪರೀಕ್ಷಿಸಲು ಅಂಥ ಜಾಗ ಇನ್ನೊಂದಿಲ್ಲ. ಮಂಡಕ್ಕಿಗೆ ಮೇಲೆ ಬರುವ ಮೀನುಗಳನ್ನು ಬಿಡಿ, ಅವು ಬರಿಗಣ್ಣಿಗೂ ಕಾಣುತ್ತವೆ. ಕೆಳಗೆ ಕಲ್ಲಿನ ಪಕ್ಕ ಸುಮ್ಮನೆ ನಿಂತಿರುವವನ್ನು ಮೊದಲು ಬರಿಗಣ್ಣಿನಿಂದ, ಆಮೇಲೆ ಕನ್ನಡಕದಿಂದ ಹುಡುಕಿ. ಬಿಸಿಲು ಏರಿದ ಹೊತ್ತಾದರೆ ಇನ್ನೂ ಒಳ್ಳೆಯದು, ನೀರಿನೊಳಗೆ ಬೆಳಕು ಚೆನ್ನಾಗಿ ಇಳಿದಿರುತ್ತದೆ. ಕನ್ನಡಕ ಮರಳಿಸುವ ಅವಕಾಶವಿರುವ ಅಂಗಡಿಯಿಂದಲೇ ಕೊಂಡುಹೋಗಿ.

ಪ್ರಶ್ನೆ: ಪೋಲರೈಸ್ಡ್ ಕನ್ನಡಕ ಕೊಂಡ ಮೇಲೆ ಹೊಳೆಯ ತಳ ಕನ್ನಡಿಯಂತೆ ಕಾಣುತ್ತಿದೆ. ಆದರೆ ಬೀಸುಬಲೆಯ ಗುರಿ ತಪ್ಪುತ್ತಿದೆ. ಕನ್ನಡಕದ ದೋಷವೇ?
— ಸಕಲೇಶಪುರದ ಓದುಗರು

ಉತ್ತರ: ಕನ್ನಡಕದ್ದಲ್ಲ, ನೀರಿನ ಗುಣ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುತ್ತದೆ, ಅದನ್ನು ಯಾವ ಕನ್ನಡಕವೂ ಸರಿಪಡಿಸುವುದಿಲ್ಲ. ಮೇಲಿನಿಂದ ನೇರವಾಗಿ ನೋಡಿದಾಗಲೇ 4 ಅಡಿ ಆಳದಲ್ಲಿರುವುದು 3 ಅಡಿಯಲ್ಲಿದ್ದಂತೆ ತೋರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಮೇಲಿದ್ದಂತೆ ಕಾಣುತ್ತದೆ. ಮೊದಲು ಹೊಳಪಿನಿಂದಾಗಿ ನಿಮಗೆ ಮೀನು ಕಾಣುತ್ತಲೇ ಇರಲಿಲ್ಲ, ಅಂದಾಜಿನಲ್ಲಿ ಬಲೆ ಬೀಸುತ್ತಿದ್ದಿರಿ. ಈಗ ಕಂಡ ಜಾಗಕ್ಕೇ ಬೀಸುತ್ತಿದ್ದೀರಿ. ಮೀನು ಕಂಡದ್ದಕ್ಕಿಂತ ಆಳದಲ್ಲಿದೆ, ಬಲೆ ಮುಳುಗಲು ಅಷ್ಟು ಹೆಚ್ಚು ಹೊತ್ತು ಬೇಕು ಎಂದುಕೊಂಡು ಬೀಸಿ. ಕೆಲವೇ ದಿನಗಳಲ್ಲಿ ಕೈಗೆ ಲೆಕ್ಕ ಸಿಗುತ್ತದೆ.

ಇದಕ್ಕಿಂತ ದೊಡ್ಡ ಕಳವಳ ನನ್ನದು. ತಳ ಸ್ಪಷ್ಟವಾಗಿ ಕಂಡಾಗ 'ಸೊಂಟದವರೆಗೆ ಇರಬಹುದು' ಎಂದು ಇಳಿದುಬಿಡುವ ಧೈರ್ಯ ಬರುತ್ತದೆ. ಸೊಂಟದಷ್ಟು ಎಂದು ತೋರುವ ನೀರು ಎದೆಯ ಮೇಲಿರುತ್ತದೆ. ಹೇಮಾವತಿಯ ಸೆಳೆತ ನಿಮಗೆ ಗೊತ್ತೇ ಇದೆ. ಕೋಲಿನಿಂದ ಅಳೆಯದೆ ಕಾಲಿಡಬೇಡಿ.

ಪ್ರಶ್ನೆ: ಲೆನ್ಸಿನ ಬಣ್ಣದಲ್ಲಿ ಬೂದು, ಕಂದು, ತಾಮ್ರ, ಹಳದಿ, ಮೇಲೆ ನೀಲಿ ಕನ್ನಡಿಯಂತೆ ಹೊಳೆಯುವುದು ಎಂದೆಲ್ಲ ಇದೆ. ನಾನು ಕಾಳಿ ನದಿಯ ಅಳಿವೆಯಲ್ಲಿಯೂ ಗಾಳ ಹಾಕುತ್ತೇನೆ, ಸ್ನೇಹಿತರ ದೋಣಿಯಲ್ಲಿ ಕಡಲಿಗೂ ಹೋಗುತ್ತೇನೆ. ಒಂದೇ ಕೊಳ್ಳುವುದಾದರೆ ಯಾವುದು?
— ಕಾರವಾರದ ಓದುಗರು

ಉತ್ತರ: ಒಂದೇ ಎಂದರೆ ತಾಮ್ರದ ಬಣ್ಣ ಅಥವಾ ಕಂದು.

ಕಾರಣ ಹೇಳುತ್ತೇನೆ. ನೀರಿನ ಮೇಲಿನ ಮಂಜುಮಂಜು ನೋಟಕ್ಕೆ ಚದುರಿದ ನೀಲಿ ಬೆಳಕು ಮುಖ್ಯ ಕಾರಣ. ಕಂದು ಮತ್ತು ತಾಮ್ರದ ಬಣ್ಣದ ಲೆನ್ಸುಗಳು ಆ ನೀಲಿಯನ್ನು ಕಡಿಮೆ ಮಾಡುತ್ತವೆ. ಅದರಿಂದ ಮರಳು, ಪಾಚಿ, ಬಂಡೆಯ ನೆರಳು, ಅದರ ಪಕ್ಕ ಹೊಂಚು ಹಾಕಿ ನಿಂತ ಕೆಂಬೇರಿ ಮೀನು ಒಂದರಿಂದೊಂದು ಬೇರೆಯಾಗಿ ಎದ್ದು ಕಾಣುತ್ತವೆ. ಅಳಿವೆಯಂಥ ಆಳವಿಲ್ಲದ, ತುಸು ಹಸಿರು ಮಿಶ್ರಿತ ನೀರಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಬೂದು ಬಣ್ಣ ಎಲ್ಲ ಬಣ್ಣಗಳನ್ನೂ ಸಮನಾಗಿ ಇಳಿಸುತ್ತದೆ, ಇದ್ದದ್ದು ಇದ್ದ ಹಾಗೆಯೇ, ಮಬ್ಬಾಗಿ ಕಾಣುತ್ತದೆ. ದಿನವಿಡೀ ತೆರೆದ ಕಡಲಿನಲ್ಲಿ ಇರುವವರಿಗೂ ಕೆಂಪು–ಹಸಿರು ಗುರುತಿಸುವುದು ಮೊದಲೇ ಕಷ್ಟವಿರುವವರಿಗೂ ನಾನು ಬೂದನ್ನೇ ಕೊಡುತ್ತೇನೆ. ಮೇಲಿನ ಕನ್ನಡಿ ಲೇಪ ಇನ್ನೂ ಒಂದಿಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಮಧ್ಯಾಹ್ನದ ಕಡಲಿಗೆ ಹಿತ, ಆದರೆ ಉಪ್ಪುನೀರು ಒಣಗಿದ ಮೇಲೆ ಒರೆಸಿದರೆ ಗೀಚುವುದು ಮೊದಲು ಆ ಲೇಪವೇ.

ಹಳದಿ ಲೆನ್ಸ್ ಮುಂಜಾನೆ, ಸಂಜೆ, ಕಾಡಿನ ನೆರಳಿನ ಹೊಳೆಗಳಿಗೆ. ನೆತ್ತಿಯ ಬಿಸಿಲಿಗೆ ಅದು ಸಾಲದು.

ಬಣ್ಣದಷ್ಟೇ ಕಪ್ಪಿನ ಮಟ್ಟವನ್ನೂ ಕೇಳಿ. ಲೆನ್ಸಿನ ಒಳಭಾಗದಲ್ಲೋ ಕಡ್ಡಿಯ ಮೇಲೋ ವರ್ಗ 2, ವರ್ಗ 3 ಎಂದು ಬರೆದಿರುತ್ತದೆ. ವರ್ಗ 3 ಬೆಳಕಿನ ನೂರರಲ್ಲಿ 8ರಿಂದ 18 ಪಾಲನ್ನು ಒಳಗೆ ಬಿಡುತ್ತದೆ, ನಮ್ಮ ಕರಾವಳಿಯ ಹಗಲಿಗೆ ಇದೇ ಸರಿ. ವರ್ಗ 2ರದ್ದು 18ರಿಂದ 43 ಪಾಲು ಬಿಡುತ್ತದೆ, ಮೋಡ ಕವಿದ ದಿನಕ್ಕೂ ಮಲೆನಾಡಿನ ಹೊಳೆಗೂ ಒಪ್ಪುತ್ತದೆ. ವರ್ಗ 4 ಬರೀ 3ರಿಂದ 8 ಪಾಲು. ಅದನ್ನು ಹಾಕಿಕೊಂಡು ವಾಹನ ಓಡಿಸಲೇಬಾರದು. ಕಡಲಿನಿಂದ ಬಂದು ಅದೇ ಕನ್ನಡಕದಲ್ಲಿ ಬೈಕ್ ಹತ್ತುವ ಅಭ್ಯಾಸ ನಿಮ್ಮಲ್ಲಿದ್ದರೆ ವರ್ಗ 4ರ ಗೋಜಿಗೆ ಹೋಗಬೇಡಿ.

ಪ್ರಶ್ನೆ: ನನ್ನ ಗಂಡ ಪರ್ಸೀನ್ (ಮೀನಿನ ಹಿಂಡನ್ನು ಸುತ್ತುವರಿಯುವ ದೊಡ್ಡ ಬಲೆಯ) ದೋಣಿಯಲ್ಲಿ ದುಡಿಯುತ್ತಾರೆ. ಎರಡೂ ಕಣ್ಣುಗಳಲ್ಲಿ ಮೂಗಿನ ಕಡೆಯಿಂದ ಮಾಂಸ ಬೆಳೆದಂತೆ ಕಾಣುತ್ತದೆ, ಕೆಂಪಾಗಿ ಉರಿಯುತ್ತದೆ. ಔಷಧದ ಅಂಗಡಿಯಿಂದ ತಂದ ಹನಿ ಹಾಕಿದರೆ ಇಳಿಯುತ್ತದೆ, ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ. ಕಪ್ಪು ಕನ್ನಡಕ ಹಾಕಿ ಎಂದರೆ, ಅದು ಪೇಟೆಯವರ ಶೋಕಿ ಎನ್ನುತ್ತಾರೆ.
— ಉಪ್ಪುಂದದ ಸಹೋದರಿ

ಉತ್ತರ: ತಂಗಿ, ನಿಮ್ಮ ಪತ್ರ ಓದಿ ಬಂದರಿನಲ್ಲಿ ದಿನವೂ ನೋಡುವ ಎಷ್ಟೋ ಮುಖಗಳು ಕಣ್ಣ ಮುಂದೆ ಬಂದವು. ನೀವು ಬರೆದಿರುವ ಲಕ್ಷಣಗಳು ಟೆರಿಜಿಯಂ ಎಂಬ ತೊಂದರೆಯದಿರಬಹುದು. ಕಣ್ಣಿನ ವೈದ್ಯರು ನೋಡಿಯೇ ಖಚಿತವಾಗಿ ಹೇಳಬೇಕು. ಬಿಳಿಗುಡ್ಡೆಯ ಮೇಲಿನ ಪದರ ಬೆಳೆದು ಕರಿಗುಡ್ಡೆಯ ಕಡೆಗೆ ಹಬ್ಬುವ ತೊಂದರೆ ಇದು. ಬಿಸಿಲು, ಗಾಳಿ, ಧೂಳಿನಲ್ಲಿ ದುಡಿಯುವವರಲ್ಲಿ ಇದು ಹೆಚ್ಚು. ಅತಿನೇರಳೆ ಕಿರಣ ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಮರಳು ಆ ಕಿರಣಗಳ ನೂರಕ್ಕೆ 15ರಷ್ಟನ್ನೂ ಕಡಲಿನ ನೊರೆ 25ರಷ್ಟನ್ನೂ ಹಿಂದಕ್ಕೆ ಎರಚುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೇಲಿನಿಂದ ಬೀಳುವುದು ಸಾಲದೆಂಬಂತೆ ಕೆಳಗಿನಿಂದಲೂ ಬರುತ್ತದೆ. ಟೊಪ್ಪಿ ಒಂದೇ ಸಾಲದಿರುವುದು ಇದಕ್ಕೇ.

ಮೂಗಿನ ಕಡೆಯಿಂದಲೇ ಏಕೆ ಬೆಳೆಯುತ್ತದೆ ಎನ್ನುವುದಕ್ಕೂ ವಿವರಣೆ ಇದೆ. ಕಿವಿಯ ಕಡೆಯಿಂದ ಓರೆಯಾಗಿ ನುಗ್ಗುವ ಬೆಳಕನ್ನು ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಬಾಗಿಸಿ ಎದುರು ಅಂಚಿಗೆ, ಅಂದರೆ ಮೂಗಿನ ಕಡೆಯ ಅಂಚಿಗೆ, ಒಟ್ಟುಗೂಡಿಸುತ್ತದೆ. ಆದ್ದರಿಂದ ಚಪ್ಪಟೆಯಾದ ಸಣ್ಣ ಕನ್ನಡಕ ಇವರಿಗೆ ಸಾಲದು. ಮುಖವನ್ನು ಬಳಸಿ ಕಿವಿಯವರೆಗೆ ಬಾಗಿರುವ, ಕಡ್ಡಿ ಅಗಲವಾಗಿರುವ ಫ್ರೇಮ್ ಬೇಕು. ಯುವಿ 400 ಇರಲೇಬೇಕು. ಪೋಲರೈಸ್ಡ್ ಆಗಿದ್ದರೆ ಕಣ್ಣು ಕಿರಿದುಮಾಡಿ ನೋಡುವ ಶ್ರಮ ತಪ್ಪುತ್ತದೆ.

ಈಗ ಆ ಹನಿಯ ವಿಷಯ. ದಯವಿಟ್ಟು ಅದನ್ನು ಹಾಗೆಯೇ ಮುಂದುವರಿಸಬೇಡಿ. ಕೆಂಪನ್ನು ಬೇಗ ಇಳಿಸುವ ಹನಿಗಳಲ್ಲಿ ಕೆಲವು ಸ್ಟೆರಾಯ್ಡ್ ಇರುವವು. ವೈದ್ಯರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಯ ನರವೇ ಕೆಡಬಹುದು, ಕಣ್ಣಿನ ಪೊರೆಯೂ ಬೇಗ ಬರಬಹುದು. ನರ ಕೆಟ್ಟು ಹೋದ ನೋಟ ಮರಳುವುದಿಲ್ಲ. ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಂಡು ಕಣ್ಣಿನ ವೈದ್ಯರ ಬಳಿಗೆ ಹೋಗಿ, ಏನು ಹಾಕುತ್ತಿದ್ದೀರಿ ಎಂದು ತೋರಿಸಿ. ಸೊಪ್ಪಿನ ರಸ ಹಿಂಡುವ ಸಲಹೆಯನ್ನು ನೆರೆಯವರು ಕೊಟ್ಟರೆ ಅದನ್ನೂ ಕೇಳಬೇಡಿ.

ಬೆಳವಣಿಗೆ ಕರಿಗುಡ್ಡೆಯ ಅಂಚಿನಲ್ಲೇ ನಿಂತಿದ್ದರೆ ಹೆಚ್ಚಾಗಿ ತೇವ ಕೊಡುವ ಹನಿ ಮತ್ತು ಕನ್ನಡಕ ಸಾಕಾಗುತ್ತದೆ. ನೋಟಕ್ಕೆ ಅಡ್ಡ ಬರುತ್ತಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬೆಳೆದುದನ್ನು ಬರಿದೇ ಕತ್ತರಿಸಿದರೆ ಮತ್ತೆ ಬೆಳೆಯುವುದು ಹೆಚ್ಚು. ಅವರದೇ ಕಣ್ಣಿನ ಆರೋಗ್ಯವಂತ ಪದರದ ತುಣುಕನ್ನು ಆ ಜಾಗಕ್ಕೆ ಕೂರಿಸಿದರೆ ಆ ಸಾಧ್ಯತೆ ಬಹಳ ಇಳಿಯುತ್ತದೆ, ವೈದ್ಯರಲ್ಲಿ ಇದನ್ನು ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಹೇಗೂ ದಡದಲ್ಲಿರುತ್ತವೆ. ತುರ್ತು ಇಲ್ಲವೆಂದು ವೈದ್ಯರು ಹೇಳಿದರೆ ಆ ಎರಡು ತಿಂಗಳಲ್ಲಿ ಮಾಡಿಸಿಕೊಂಡರೆ ದುಡಿಮೆಯೂ ತಪ್ಪುವುದಿಲ್ಲ, ಗಾಯ ಮಾಯಲು ಸಮಯವೂ ಸಿಗುತ್ತದೆ. ಆದರೆ ತೋರಿಸುವುದನ್ನು ಅಲ್ಲಿಯವರೆಗೆ ಮುಂದೂಡಬೇಡಿ, ಈ ವಾರವೇ ಹೋಗಿ.

ಶೋಕಿ ಎನ್ನುವ ಮಾತಿಗೆ ನನ್ನ ಉತ್ತರವನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ: ಅಣ್ಣ, ಬಂಗುಡೆ, ಬೂತಾಯಿಯ ಹಿಂಡನ್ನು ಹುಡುಕುವುದು ಕಣ್ಣೇ. ಬಲೆ ಹರಿದರೆ ಹೊಲಿಯುತ್ತೀರಿ, ಎಂಜಿನ್ ಕೆಟ್ಟರೆ ಸಾವಿರಗಟ್ಟಲೆ ಖರ್ಚು ಮಾಡುತ್ತೀರಿ. ಕಣ್ಣಿಗೂ ಆ ಮರ್ಯಾದೆ ಸಲ್ಲಬೇಕು. ಹಿಂಡು ಹುಡುಕುವಾಗ ನೀರಿನ ಮೇಲಿನ ಸಣ್ಣ ನಡುಕವನ್ನು ನೋಡಬೇಕೆಂದರೆ ಒಂದು ಕ್ಷಣ ಕನ್ನಡಕದ ಮೇಲಿನಿಂದ ನೋಡಿ, ಏಕೆಂದರೆ ಹೊಳಪಿನ ಜೊತೆ ಆ ಗುರುತೂ ತುಸು ಮಾಸುತ್ತದೆ. ನೀರಿನ ಕೆಳಗಿನ ಹಿಂಡಿನ ಬಣ್ಣ ನೋಡಲು ಕನ್ನಡಕದ ಮೂಲಕ ನೋಡಿ. ಎರಡೂ ನಿಮ್ಮ ಕೆಲಸಕ್ಕೆ ಬರುತ್ತವೆ.

ಪ್ರಶ್ನೆ: ನಾನು ದೋಣಿ ನಡೆಸುವ ತಾಂಡೇಲ. ಮಗ ತಂದುಕೊಟ್ಟ ಪೋಲರೈಸ್ಡ್ ಕನ್ನಡಕ ಹಾಕಿದರೆ ಮೀನು ತೋರಿಸುವ ಯಂತ್ರದ ಪರದೆ ಕಪ್ಪಾಗುತ್ತದೆ. ಜಿಪಿಎಸ್ ಸರಿಯಾಗಿಯೇ ಕಾಣುತ್ತದೆ. ಯಂತ್ರ ಕೆಟ್ಟಿದೆಯೇ?
— ಹೊನ್ನಾವರದ ಓದುಗರು

ಉತ್ತರ: ಕೆಟ್ಟಿಲ್ಲ. ಎಲ್‌ಸಿಡಿ ಪರದೆಯ ಮೇಲೂ ಇಂಥದ್ದೇ ಪೊರೆ ಇರುತ್ತದೆ. ಅದರ ದಿಕ್ಕು ನಿಮ್ಮ ಕನ್ನಡಕದ ದಿಕ್ಕಿಗೆ ಅಡ್ಡವಾದರೆ ಕಪ್ಪು, ಹೊಂದಿದರೆ ಬೆಳಕು. ತಯಾರಕರು ಆ ದಿಕ್ಕನ್ನು ಬೇರೆ ಬೇರೆಯಾಗಿ ಇಡುವುದರಿಂದ ಒಂದು ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ. ತಲೆ ವಾಲಿಸಿ ನೋಡಿ, ಚಿತ್ರ ಬರುತ್ತದೆ. ಪ್ರತಿಸಲ ವಾಲಿಸುವುದು ಕಷ್ಟವೆಂದಾದರೆ ಯಂತ್ರವನ್ನು ಓರೆಯಾಗಿ ಕೂರಿಸಬಹುದೇ ಎಂದು ನೋಡಿ. ಅದೂ ಆಗದಿದ್ದರೆ, ಚುಕ್ಕಾಣಿ ಹಿಡಿದಿರುವಷ್ಟು ಹೊತ್ತು ಪೋಲರೈಸ್ಡ್ ಅಲ್ಲದ, ಯುವಿ 400 ಇರುವ ಬೂದು ಕನ್ನಡಕ ಹಾಕಿಕೊಳ್ಳಿ. ದೋಣಿಯ ತುಂಬ ಜನರನ್ನು ಹೊತ್ತು ಅಳಿವೆಬಾಗಿಲು ದಾಟುವವರಿಗೆ ಪರದೆ ಕಾಣುವುದು ಮೀನು ಕಾಣುವುದಕ್ಕಿಂತ ಮುಖ್ಯ. ಹೊಸದು ಕೊಳ್ಳುವಾಗ ಅಂಗಡಿಯಿಂದ ನೇರವಾಗಿ ದೋಣಿಗೆ ಹೋಗಿ ನಿಮ್ಮ ಯಂತ್ರದ ಎದುರು ಹಾಕಿ ನೋಡಿ, ಆಮೇಲೆ ಹಣ ಕೊಡಿ.

ಪ್ರಶ್ನೆ: ನಿವೃತ್ತ ಶಿಕ್ಷಕ ನಾನು. ದೂರಕ್ಕೆ ಮೈನಸ್ 3.5, ಓದಲು ಬೇರೆ ಪವರ್. ಕಾವೇರಿಯ ದಡದಲ್ಲಿ ಗಾಳ ಹಾಕುತ್ತೇನೆ. ದಾರಕ್ಕೆ ಕೊಕ್ಕೆ ಕಟ್ಟಲು ಹತ್ತಿರದ ನೋಟ ಬೇಕು, ಬೆಂಡು ನೋಡಲು ದೂರದ ನೋಟ ಬೇಕು. ನನ್ನಂಥವರಿಗೆ ಪೋಲರೈಸ್ಡ್ ಸಿಗುತ್ತದೆಯೇ?
— ಮೈಸೂರಿನ ಓದುಗರು

ಉತ್ತರ: ಖಂಡಿತ ಸಿಗುತ್ತದೆ ಮೇಷ್ಟ್ರೇ. ನಿಮ್ಮ ಪವರಿನಲ್ಲೇ ಪೋಲರೈಸ್ಡ್ ಲೆನ್ಸ್ ಮಾಡಿಸಬಹುದು, ಬೈಫೋಕಲ್ ಕೂಡ. ಬೈಫೋಕಲ್ ಆದರೆ ಓದುವ ಭಾಗ ಚಿಕ್ಕದಾಗಿರಲಿ, ಮಾಮೂಲಿಗಿಂತ ಕೆಳಗಿರಲಿ ಎಂದು ಹೇಳಿ ಮಾಡಿಸಿ. ಇಲ್ಲದಿದ್ದರೆ ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಡುವಾಗ ಕಣ್ಣು ಆ ಭಾಗದ ಮೂಲಕವೇ ಕೆಳಗೆ ನೋಡುತ್ತದೆ, ಕಲ್ಲು ಮಂಜಾಗುತ್ತದೆ. ನಿಮ್ಮ ವಯಸ್ಸಿನಲ್ಲಿ ಜಾರಿ ಬೀಳುವುದು ಬೇಡ. ನನ್ನನ್ನು ಕೇಳಿದರೆ ದೂರದ ಪವರಿನದ್ದೊಂದು ಪೋಲರೈಸ್ಡ್ ಕನ್ನಡಕ, ಕೊಕ್ಕೆ ಕಟ್ಟಲು ಕೊರಳಿಗೆ ತೂಗುಹಾಕಿದ ಸಾದಾ ಓದುವ ಕನ್ನಡಕ, ಇದೇ ಸುರಕ್ಷಿತ.

ಮುಖವನ್ನು ಬಳಸುವ, ತುಂಬ ಬಾಗಿದ ಫ್ರೇಮಿಗೆ ಆಸೆಪಡಬೇಡಿ. ಪವರ್ ಹೆಚ್ಚಿದಂತೆ ಬಾಗಿದ ಲೆನ್ಸಿನ ಅಂಚಿನಲ್ಲಿ ನೋಟ ತಿರುಚುತ್ತದೆ. ಸಾಧಾರಣ ಬಾಗು, ಅಗಲ ಕಡ್ಡಿ, ಮೇಲೆ ಅಗಲ ಅಂಚಿನ ಟೊಪ್ಪಿ ಇಷ್ಟಿದ್ದರೆ ಆಯಿತು. ಖರ್ಚು ಕಡಿಮೆ ಮಾಡಬೇಕೆಂದರೆ ಈಗಿನ ಕನ್ನಡಕದ ಮೇಲೇ ಹಾಕುವ ದೊಡ್ಡ ಪೋಲರೈಸ್ಡ್ ಕವಚ ಬರುತ್ತದೆ. ನೋಡಲು ಅಂದವಿಲ್ಲ, ಆದರೆ ಪಕ್ಕದ ಬೆಳಕನ್ನೂ ತಡೆಯುವುದರಿಂದ ನನಗೆ ಅದರ ಮೇಲೆ ಅಭಿಮಾನವಿದೆ. ಚಿಮ್ಮಟದಂತೆ ಕಚ್ಚಿ ನಿಲ್ಲುವ ಕ್ಲಿಪ್‌ಗಿಂತ ಅದೇ ಮೇಲು.

ಪ್ರಶ್ನೆ: ರಾತ್ರಿ ವಾಹನ ಓಡಿಸುವಾಗ ಎದುರಿನ ದೀಪ ಕುಕ್ಕದಂತೆ ಹಳದಿ ಪೋಲರೈಸ್ಡ್ ಹಾಕಬಹುದೇ?
— ಬಂಟ್ವಾಳದ ಓದುಗರು

ಉತ್ತರ: ಬೇಡ. ಯಾವುದೇ ಪೋಲರೈಸ್ಡ್ ಲೆನ್ಸ್ ಸಾಮಾನ್ಯ ಬೆಳಕಿನ ಅರ್ಧಕ್ಕಿಂತ ಹೆಚ್ಚನ್ನು ಒಳಗೆ ಬಿಡಲಾರದು, ಅದು ಅದರ ಸ್ವಭಾವ. ದಾರಿಬದಿಯಲ್ಲಿ ನಡೆದು ಹೋಗುವವರು ನಿಮಗೆ ಕಾಣದೆ ಹೋಗುತ್ತಾರೆ. ದೀಪ ವಿಪರೀತವಾಗಿ ಕುಕ್ಕುತ್ತಿದ್ದರೆ ಕಣ್ಣಿನ ಪರೀಕ್ಷೆ ಮಾಡಿಸಿ, ಕಣ್ಣಿನ ಪೊರೆಯ ಆರಂಭವೂ ಹಾಗೆಯೇ ತೋರಿಸಿಕೊಳ್ಳುತ್ತದೆ.

ಪ್ರಶ್ನೆ: ಹಿಂದಿನ ವರ್ಷ ಕೊಂಡ ಕನ್ನಡಕದ ಅಂಚಿನಲ್ಲಿ ಎಣ್ಣೆ ಹರಡಿದಂತೆ ಬಣ್ಣಬಣ್ಣದ ಕಲೆ ಮೂಡಿದೆ, ಒರೆಸಿದರೂ ಹೋಗುವುದಿಲ್ಲ. ನನ್ನ ಮೊದಲನೆಯದು ನೀರಿಗೇ ಬಿತ್ತು. ಇದನ್ನಾದರೂ ಉಳಿಸಿಕೊಳ್ಳುವುದು ಹೇಗೆ?
— ಮಲ್ಪೆಯ ಓದುಗರು

ಉತ್ತರ: ಆ ಕಲೆ ಲೆನ್ಸಿನ ಒಳಗಿನದು, ಪದರಗಳು ಬಿಡುತ್ತಿವೆ. ಅದನ್ನು ಸರಿಪಡಿಸಲಾಗದು, ಲೆನ್ಸ್ ಬದಲಿಸಲೇಬೇಕು. ಬಿಸಿಲಿನಲ್ಲಿ ನಿಂತ ವಾಹನದ ಗಾಜಿನ ಕೆಳಗೆ ಅಥವಾ ಎಂಜಿನ್ ಪೆಟ್ಟಿಗೆಯ ಮೇಲೆ ಕನ್ನಡಕ ಇಡುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಬಿಸಿಯೇ ಅಂಟಿನ ಶತ್ರು. ಹೊಸದಕ್ಕೆ ಉಪ್ಪುನೀರು ಸಿಡಿದರೆ ಅಂಗಿಯ ತುದಿಯಿಂದ ಒರೆಸಬೇಡಿ, ಒಣಗಿದ ಉಪ್ಪಿನ ಹರಳು ಗೀಚುತ್ತದೆ. ದಡಕ್ಕೆ ಬಂದ ಕೂಡಲೇ ಸಿಹಿನೀರಿನಲ್ಲಿ ಅದ್ದಿ ತೆಗೆಯಿರಿ, ಒಂದು ಹನಿ ಪಾತ್ರೆ ತೊಳೆಯುವ ಸಾಬೂನಿನ ದ್ರವ ಹಾಕಿ ಬೆರಳಿನಿಂದ ತೊಳೆಯಿರಿ, ಮೆತ್ತನೆಯ ಹತ್ತಿ ಬಟ್ಟೆಯಿಂದ ತೇವ ಒತ್ತಿ ತೆಗೆಯಿರಿ. ಕಡ್ಡಿಯ ತಿರುಗಣೆಗೂ ಸಿಹಿನೀರು ತಾಗಲಿ, ಅಲ್ಲಿನ ತಿರುಪು ಮೊದಲು ತುಕ್ಕು ಹಿಡಿಯುತ್ತದೆ.

ಕಡ್ಡಿಗಳಿಗೆ ಸಿಕ್ಕಿಸುವ, ನೀರಿನಲ್ಲಿ ತೇಲುವ ಸ್ಪಂಜಿನ ಪಟ್ಟಿ ಸಿಗುತ್ತದೆ. ಅದನ್ನು ಕೊಂಡ ಮೇಲೆ ಮನೆಯಲ್ಲೇ ಒಂದು ಬಕೆಟ್ ನೀರಿನಲ್ಲಿ ಕನ್ನಡಕದ ಸಮೇತ ಬಿಟ್ಟು ನೋಡಿ. ಭಾರದ ಫ್ರೇಮನ್ನು ಎಲ್ಲ ಪಟ್ಟಿಗಳೂ ತೇಲಿಸುವುದಿಲ್ಲ.